ಲಾಲ್‌ಬಾಗಿನ ಮರಗಳನ್ನು ಮಕ್ಕಳಿಗೆ ತೋರಿಸಲು ಯಾವ ತಿಂಗಳು ಸೂಕ್ತ?

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ಮಧುಗಿರಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಎಂಟನೆಯ ತರಗತಿಯ ನಲವತ್ತು ಮಕ್ಕಳನ್ನು ವರ್ಷಕ್ಕೊಮ್ಮೆ, ಒಂದು ದಿನದ ಮಟ್ಟಿಗೆ, ಬೆಂಗಳೂರಿಗೆ ಕರೆದುಕೊಂಡು ಬರುವುದು ನಮ್ಮಲ್ಲಿ ನಡೆದುಬಂದ ರೂಢಿ. ಎರಡು ವರ್ಷಗಳ ಹಿಂದೆ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನದ ವಾರದಲ್ಲೇ ಲಾಲ್‌ಬಾಗಿಗೆ ಬಂದಿದ್ದೆವು. ಗಾಜಿನ ಮನೆಯೊಳಗಿನ ಹೂವಿನ ಅಲಂಕಾರ ಕಂಡು ಮಕ್ಕಳು ಬೆರಗಾದದ್ದು ನಿಜ. ಆದರೆ ಅಷ್ಟು ಜನರ ನಡುವೆ ಒಬ್ಬರ ಕೈಯನ್ನೊಬ್ಬರು ಬಿಡದೆ ಸಾಲಿನಲ್ಲಿ ಸಾಗುವುದರಲ್ಲೇ ಹೊತ್ತು ಕಳೆದು, ಊರಿಗೆ ಮರಳಿದ ಮೇಲೆ ನೋಡಿದ ಒಂದು ಮರದ ಹೆಸರು ಹೇಳಿರೆಂದರೆ ಯಾರೂ ಹೇಳಲಿಲ್ಲ. ಆ ಕೊರಗು ನನ್ನಲ್ಲಿ ಉಳಿದಿದೆ. ಈ ಸಲ ಮರಗಳನ್ನು ನೋಡುವುದಕ್ಕೆಂದೇ ಬರಬೇಕೆಂದಿದ್ದೇನೆ. ಯಾವ ತಿಂಗಳಲ್ಲಿ ಬರಬೇಕು, ಬಂದಾಗ ಮಕ್ಕಳಿಂದ ಏನು ಮಾಡಿಸಬಹುದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಬೆಳಗಿನ ನಡಿಗೆ, ಜಯನಗರ

ಇಪ್ಪತ್ತು ವರ್ಷಗಳಿಂದ ಹೆಚ್ಚುಕಡಿಮೆ ದಿನವೂ ಲಾಲ್‌ಬಾಗಿನಲ್ಲಿ ನಡೆಯುತ್ತಿರುವವನಾಗಿ ನನ್ನ ಅಭಿಪ್ರಾಯ ಹೇಳುತ್ತೇನೆ. ಒಂದೇ ದಿನ ಬರಲು ಸಾಧ್ಯವಿರುವವರು ಶಿವರಾತ್ರಿಗೂ ಯುಗಾದಿಗೂ ನಡುವಿನ ದಿನಗಳನ್ನು ಆರಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ ಜನವರಿ, ಫೆಬ್ರುವರಿ ಅತಿ ಕಡಿಮೆ ಮಳೆಯ ತಿಂಗಳುಗಳು. ನೆಲದ ತೇವ ಆರುತ್ತಿದ್ದಂತೆ ಅನೇಕ ಮರಗಳು ನೀರನ್ನು ಉಳಿಸಿಕೊಳ್ಳಲು ಎಲೆ ಉದುರಿಸುತ್ತವೆ, ಮತ್ತು ಹಲವು ಮರಗಳು ಬರಿದಾದ ಆ ಕೊಂಬೆಗಳ ಮೇಲೆಯೇ ಹೂ ಬಿಡುತ್ತವೆ. ಕೆಂಪು ಬೂರುಗದ ಹೂಗಳನ್ನು ಮರೆಮಾಡಲು ಆಗ ಒಂದು ಎಲೆಯೂ ಇರುವುದಿಲ್ಲವಾದ್ದರಿಂದ ಮೈನಾ, ಕಾಗೆ, ಸೂರಕ್ಕಿಗಳು ದೂರದಿಂದಲೇ ಕಂಡು ಮಕರಂದಕ್ಕೆ ಬರುತ್ತವೆ, ಮೂತಿಗೆ ಪರಾಗ ಮೆತ್ತಿಕೊಂಡು ಮುಂದಿನ ಮರಕ್ಕೆ ಹಾರುತ್ತವೆ. ಪರಾಗಸ್ಪರ್ಶದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಕರಿಹಲಗೆ ನನಗೆ ಗೊತ್ತಿಲ್ಲ. ಈ ಹೂವು ಕಾಯಾಗಿ, ಒಡೆದು, ಅರಳೆಯೊಂದಿಗೆ ಬೀಜವನ್ನು ಬೇಸಗೆಯ ಗಾಳಿಗೆ ಬಿಡುವ ಹೊತ್ತಿಗೆ ಮಳೆ ಹತ್ತಿರವಾಗಿರುತ್ತದೆ.

ಗುಲಾಬಿ ಮತ್ತು ಹಳದಿ ಟಬೆಬುಯಾಗಳು ಅರಳುವುದೂ ಈ ದಿನಗಳಲ್ಲೇ. ಅವುಗಳ ಫೋಟೊ ತೆಗೆಯುವವರು ಬಹಳ ಮಂದಿ. ನನಗೆ ಹೆಚ್ಚು ಪ್ರಿಯವಾದದ್ದು ಹೊಂಗೆ: ಹಳೆಯ ಎಲೆಯೆಲ್ಲ ಕಳಚಿಹೋಗಿ, ವಾರದೊಳಗೆ ಎಣ್ಣೆ ಸವರಿದಂತೆ ಹೊಳೆಯುವ ಎಳೆಹಸಿರು ಮರದ ತುಂಬ ಬಂದುಬಿಡುತ್ತದೆ. ನಿಮ್ಮ ಮಕ್ಕಳು ಊರಿನಲ್ಲಿ ದಿನವೂ ನೋಡುವ ಮರವನ್ನೇ ಇಲ್ಲಿ ಹೊಸದಾಗಿ ನೋಡಲಿ ಎಂಬುದು ನನ್ನ ಆಸೆ.

ಉತ್ತರ: ಸಿದ್ದಾಪುರ ದ್ವಾರದ ಬಳಿಯವರು

ಮೇಲಿನವರ ಮಾತನ್ನು ಗೌರವಿಸುತ್ತಲೇ ಬೇರೆ ಅಭಿಪ್ರಾಯ ಹೇಳಬಯಸುತ್ತೇನೆ. ಹೂವಿನ ತಿಂಗಳನ್ನೇ ಒಳ್ಳೆಯ ತಿಂಗಳು ಎಂದುಕೊಂಡರೆ 240 ಎಕರೆಯ ಈ ತೋಟದ ಬಹುಪಾಲು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಹೈದರಾಲಿ 1760ರಲ್ಲಿ ಆರಂಭಿಸಿದ ಈ ತೋಟಕ್ಕೆ ಆಮೇಲೆ ಬಂದವರೆಲ್ಲ ದೂರದೂರದ ನಾಡುಗಳಿಂದ ಸಸಿಗಳನ್ನು ತಂದು ಸೇರಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿಗೆ ಬಂದ ಜರ್ಮನಿಯ ಕ್ರುಂಬಿಗಲ್ ಅವರು, ಒಂದು ಜಾತಿಯ ಹೂ ಮುಗಿಯುವಾಗ ಇನ್ನೊಂದು ಜಾತಿ ಅರಳಬೇಕೆಂಬ ಲೆಕ್ಕದಲ್ಲಿ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದರು. ಅವರು ಹಾಗೆ ಯೋಚಿಸಿದ ಊರಿನಲ್ಲಿ ಖಾಲಿ ತಿಂಗಳು ಎಂಬುದು ಇರಲಾರದು.

ಭರಣಿ ಮಳೆಯ ಹೊತ್ತಿಗೆ ಕಕ್ಕೆ ಹಳದಿ ಗೊಂಚಲು ಇಳಿಬಿಡುತ್ತದೆ, ಕತ್ತಿಕಾಯಿ ಮರ ಕೆಂಪಾಗುತ್ತದೆ. ಮಳೆಗಾಲದಲ್ಲಿ ಕೊಂಬೆಗಳ ಮೇಲಿನ ಪಾಚಿ, ಬಿದ್ದ ದಿಮ್ಮಿಯ ಮೇಲಿನ ಅಣಬೆ, ಮೋಡ ಮುಸುಕಿದಾಗ ಎಲೆ ಮಡಚುವ ಮಳೆಮರ, ಇವೆಲ್ಲ ಜೀವಶಾಸ್ತ್ರವೇ ಅಲ್ಲವೇ? ಕಾರ್ತಿಕದಲ್ಲಿ ಬಂದರೆ ಬೆಳಗಿನ ಹೊತ್ತು ಆಕಾಶಮಲ್ಲಿಗೆಯ ಬಿಳಿ ಹೂಗಳು ನೆಲವನ್ನು ಮುಚ್ಚಿರುತ್ತವೆ. ಕಡೆಯ ಸೋಮವಾರದ ಆಸುಪಾಸಿನಲ್ಲಾದರೆ ಹತ್ತಿರದ ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನೂ ಮಕ್ಕಳಿಗೆ ತೋರಿಸಬಹುದು. ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಮಾತ್ರ ನಲವತ್ತು ಮಕ್ಕಳೊಂದಿಗೆ ಬರುವುದು ಕಷ್ಟ, ಏಕೆಂದರೆ ಬೆಂಗಳೂರಿನ ಜೋರು ಮಳೆ ಆಗಲೇ.

ಉತ್ತರ: ಎಲೆ ಸಂಗ್ರಹ

ಚಟುವಟಿಕೆಗಳ ಬಗ್ಗೆ ಕೇಳಿದ್ದೀರಿ. ನಾನೂ ಮಕ್ಕಳನ್ನು ಕರೆದೊಯ್ಯುತ್ತಿರುತ್ತೇನೆ, ಹಾಗಾಗಿ ಅನುಭವದಿಂದ ಬರೆಯುತ್ತಿದ್ದೇನೆ. ಇಡೀ ತೋಟ ಸುತ್ತಿಸಬೇಡಿ. ನಾಲ್ಕೈದು ಮಕ್ಕಳ ಗುಂಪಿಗೆ ಒಂದೊಂದು ಮರ ಕೊಟ್ಟು, ಅದರ ಕೆಳಗೆ ಮುಕ್ಕಾಲು ಗಂಟೆ ಕೂರಿಸಿ. ಫಲಕದ ಮೇಲಿನ ಹೆಸರನ್ನು ಬರೆದುಕೊಂಡು, ತೊಗಟೆಯ ಮೇಲೆ ಕಾಗದವಿಟ್ಟು ಬಣ್ಣದ ಕಡ್ಡಿಯಿಂದ ಉಜ್ಜಿ ಅಚ್ಚು ತೆಗೆದು, ಬಿದ್ದ ಎಲೆ, ಕಾಯಿಗಳನ್ನು ಮಾತ್ರ ಆಯ್ದು, ಬಂದುಹೋದ ಹಕ್ಕಿ, ಅಳಿಲು, ಇರುವೆಗಳನ್ನೆಲ್ಲ ಎಣಿಸಿ ಬರೆದುಕೊಳ್ಳಲಿ. ಕೀಳಬಾರದು, ಹತ್ತಬಾರದು, ಕಾಂಡದ ಮೇಲೆ ಕೆತ್ತಬಾರದು ಎಂಬುದನ್ನು ಬಸ್ಸಿನಲ್ಲೇ ಹೇಳಿಬಿಡಿ. ಹೆಸರು ಕೆತ್ತಿಸಿಕೊಂಡ ಮರಗಳನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಾಗಲಿಂಗ ಮರದ ಕೆಳಗೆ ಒಂದು ಗುಂಪು ಖಂಡಿತ ಇರಲಿ. ಹೂವು ಕೊಂಬೆಯ ತುದಿಯಲ್ಲಿ ಬರುವುದೆಂದು ನಂಬಿದ ಮಕ್ಕಳಿಗೆ ಕಾಂಡದಿಂದಲೇ ಹೊಮ್ಮುವ ಹೂವು ಸಾಕಷ್ಟು ಪ್ರಶ್ನೆಗಳನ್ನು ಹುಟ್ಟಿಸುತ್ತದೆ. ಶಿವಪೂಜೆಗೆ ಸಲ್ಲುವ ಈ ಹೂವಿನ ಮರ ದಕ್ಷಿಣ ಅಮೆರಿಕದಿಂದ ಬಂದದ್ದೆಂದು ತಿಳಿದಾಗ ಅವರ ಮುಖ ನೋಡಬೇಕು. ಎತ್ತರದ ಕುಕ್ ಪೈನ್ ಮರದ ಬಳಿ ನಿಲ್ಲುವ ಗುಂಪಿಗೆ ಒಂದು ದಿಕ್ಸೂಚಿ ಕೊಡಿ. ಈ ಜಾತಿಯ ಮರಗಳು ಲೋಕದ ಯಾವ ಮೂಲೆಯಲ್ಲಿ ನೆಟ್ಟರೂ ಸಾಮಾನ್ಯವಾಗಿ ಸಮಭಾಜಕ ವೃತ್ತದ ಕಡೆಗೆ ವಾಲಿ ಬೆಳೆಯುತ್ತವೆಂದು ಐದು ಖಂಡಗಳ ಮರಗಳನ್ನು ಅಳೆದವರು ಕಂಡುಕೊಂಡಿದ್ದಾರೆ. ಇಲ್ಲಿನ ಮರ ದಕ್ಷಿಣಕ್ಕೆ ವಾಲಿದೆಯೇ ಎಂದು ಮಕ್ಕಳೇ ಅಳೆಯಲಿ.

ಊಟದ ನಂತರ ಬಂಡೆಯನ್ನು ಹತ್ತಿಸಿ. ಕೆಂಪೇಗೌಡರ ಗೋಪುರ ನಿಂತಿರುವ ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ. ತೋಟದಲ್ಲಿ ಕಲ್ಲಾಗಿ ಹೋದ ಮರದ ಕಾಂಡವೊಂದಿದೆ, ಅದಕ್ಕೆ ಸುಮಾರು 2 ಕೋಟಿ ವರ್ಷ. ಈ ಎರಡನ್ನೂ ಒಂದೇ ಮಧ್ಯಾಹ್ನ ಮುಟ್ಟಿ ನೋಡಬಹುದಾದ ಅವಕಾಶ ಎಲ್ಲ ಊರುಗಳಲ್ಲೂ ಸಿಗುವುದಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಾರ್ಚ್ ನಮಗೆ ಪರೀಕ್ಷೆಯ ತಿಂಗಳಾದ್ದರಿಂದ ಫೆಬ್ರುವರಿಯ ಕೊನೆಯ ವಾರದ ಒಂದು ಬುಧವಾರ ಬರಲು ನಿಶ್ಚಯಿಸಿದ್ದೇನೆ. ಸಿದ್ದಾಪುರದವರ ಮಾತು ಮನಸ್ಸಿನಲ್ಲಿ ನಾಟಿರುವುದರಿಂದ, ಶಾಲೆಯ ಆವರಣದ ಹೊಂಗೆ ಮರವೊಂದನ್ನು ಜೂನ್‌ನಿಂದಲೇ ತಿಂಗಳಿಗೊಮ್ಮೆ ನೋಡಿ ಬರೆದಿಡಲು ಮಕ್ಕಳಿಗೆ ಹೇಳುತ್ತೇನೆ. ಲಾಲ್‌ಬಾಗಿನ ಹೊಂಗೆಯೊಂದಿಗೆ ಹೋಲಿಸಲು ಅವರ ಕೈಯಲ್ಲಿ ಆಗ ಒಂಬತ್ತು ತಿಂಗಳ ಟಿಪ್ಪಣಿ ಇರುತ್ತದೆ. ಬೆಳಿಗ್ಗೆ ಎಷ್ಟು ಹೊತ್ತಿಗೆ ತಲುಪಿದರೆ ಒಳ್ಳೆಯದು?

ಉತ್ತರ: ಬೆಳಗಿನ ನಡಿಗೆ, ಜಯನಗರ

ಎಂಟು ಗಂಟೆಯೊಳಗೆ ಬನ್ನಿ. ಬಿಸಿಲೇರಿದ ಮೇಲೆ ಬೂರುಗದ ಹಕ್ಕಿಗಳು ಚದುರಿಹೋಗುತ್ತವೆ. ಮೊದಲು ಆ ಮರದ ಬಳಿಗೆ ಹೋಗಿ, ಗಾಜಿನ ಮನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಕೆರೆಯ ದಂಡೆಯಲ್ಲಿ ನೀರುಕಾಗೆಗಳು ರೆಕ್ಕೆ ಹರಡಿ ಒಣಗಿಸಿಕೊಳ್ಳುವುದನ್ನು ಸಂಜೆ ಹೊರಡುವ ಮುಂಚೆಯೂ ನೋಡಬಹುದು.