ನಾಯಿ ರಕ್ತದಲ್ಲಿ ಹುಳ ಇದೆಯಂತೆ, ಇದು ಹಾರ್ಟ್‌ವರ್ಮ್ ಅಲ್ವಾ?

ಕಾಳನ_ಯಜಮಾನ (ಪುತ್ತೂರು ಹತ್ತಿರ)
ನಮ್ಮ ಕಾಳ ಊರ ನಾಯಿ, ರಾತ್ರಿ ತೋಟದ ಕೊಟ್ಟಿಗೆಯಲ್ಲೇ ಮಲಗುತ್ತಾನೆ. ಮಳೆ ಮುಗಿದ ಮೇಲೆ ಮೈ ತುರಿಸಿಕೊಳ್ಳೋದು ಜಾಸ್ತಿಯಾಯಿತು. ಪಕ್ಕೆಯಲ್ಲಿ ಹುಣಸೆ ಬೀಜದಷ್ಟು ಗಂಟು ಕಂಡಿತು. ಡಾಕ್ಟ್ರು ಒಂದು ಹನಿ ರಕ್ತ ಗಾಜಿನ ಮೇಲಿಟ್ಟು ನನಗೂ ತೋರಿಸಿದರು. ದಾರದ ತುಣುಕಿನಂಥದ್ದು ಒದ್ದಾಡುತ್ತಿತ್ತು, ಸುತ್ತಲಿನ ರಕ್ತಕಣಗಳೂ ಅಲ್ಲಾಡುತ್ತಿದ್ದವು. ಮೈಕ್ರೋಫೈಲೇರಿಯಾ, ಅಂದರೆ ರಕ್ತದಲ್ಲಿ ಓಡಾಡೋ ಹುಳದ ಮರಿ ಅಂದರು. ಮೂರು ತಿಂಗಳಿಗೊಮ್ಮೆ ತಪ್ಪದೆ ಹುಳದ ಮಾತ್ರೆ ಕೊಡುತ್ತೇನೆ. ಮತ್ತೆ ಇದೆಲ್ಲಿಂದ ಬಂತು? ಮನೆಯಲ್ಲಿ ಮಕ್ಕಳಿದ್ದಾರೆ, ಅವರಿಗೂ ಅಂಟುತ್ತಾ?

ಹಳ್ಳಿ_ಪಶುವೈದ್ಯ
ನೀವು ಕೊಡೋ ಮಾತ್ರೆ ಕರುಳಿನ ಹುಳಕ್ಕೆ. ಇದು ಸೊಳ್ಳೆ ಕಚ್ಚಿ ಬರೋದು, ಆ ಮಾತ್ರೆಗೆ ಜಗ್ಗೋದಿಲ್ಲ.

ಹಾರ್ಟ್‌ವರ್ಮ್ ಅಂತ ಈಗಲೇ ಹೆದರಬೇಡಿ. ಡೈರೋಫೈಲೇರಿಯಾ ಅನ್ನೋ ಹುಳದ ಗುಂಪಿನಲ್ಲಿ ಮುಖ್ಯವಾಗಿ ಎರಡು ಜಾತಿ. ಇಮ್ಮಿಟಿಸ್ ಹೃದಯದಿಂದ ಶ್ವಾಸಕೋಶಕ್ಕೆ ಹೋಗೋ ರಕ್ತನಾಳದಲ್ಲಿ ಬೆಳೆಯುತ್ತದೆ. ಹೆಣ್ಣು ಹುಳ ಒಂದು ಅಡಿಯವರೆಗೂ ಉದ್ದವಾಗಬಹುದು. ಅದೇ ಹಾರ್ಟ್‌ವರ್ಮ್. ರೆಪೆನ್ಸ್ ಚರ್ಮದ ಕೆಳಗೆ ಓಡಾಡಿಕೊಂಡಿರುತ್ತದೆ. ನಮ್ಮ ಕರಾವಳಿಯಲ್ಲಿ, ಕೇರಳದಲ್ಲಿ ಇದರ ಕಾಟ ಇದೆ. ನಿಮ್ಮ ಗಂಟು, ತುರಿಕೆ ಕೇಳಿದರೆ ನನಗೆ ಇದರ ಮೇಲೇ ಗುಮಾನಿ.

ಗುಮಾನಿ ಮೇಲೆ ಮದ್ದು ಶುರು ಮಾಡಬಾರದು. ಮೊದಲು ಜಾತಿ ಗೊತ್ತಾಗಲಿ. ಹಾರ್ಟ್‌ವರ್ಮ್ ಕಿಟ್‌ನಲ್ಲಿ ಆಂಟಿಜೆನ್ (ಹುಳ ರಕ್ತಕ್ಕೆ ಬಿಡೋ ಪ್ರೋಟೀನ್) ನೋಡಿಸಿ, ಅದು ಹಿಡಿಯೋದು ಬೆಳೆದ ಹೆಣ್ಣು ಇಮ್ಮಿಟಿಸ್ ಹುಳವನ್ನು. ಜೊತೆಗೆ ಲ್ಯಾಬ್‌ನಲ್ಲಿ ನಾಟ್ಸ್ ಟೆಸ್ಟ್ ಕೇಳಿ. ರಕ್ತಕ್ಕೆ ಫಾರ್ಮಲಿನ್ ಬೆರೆಸಿ ಯಂತ್ರದಲ್ಲಿ ಜೋರಾಗಿ ತಿರುಗಿಸಿ, ತಳದ ಗಸಿಗೆ ಬಣ್ಣ ಹಾಕಿ ನೋಡುತ್ತಾರೆ. ಮರಿಯ ತಲೆ ಮೊಂಡಾಗಿದ್ದರೆ ರೆಪೆನ್ಸ್, ಚೂಪಾಗಿದ್ದರೆ ಇಮ್ಮಿಟಿಸ್. ರಕ್ತ ಸಂಜೆ ಮೇಲೆ ತೆಗೆಸಿ, ಮರಿಗಳು ಚರ್ಮದ ಹತ್ತಿರದ ರಕ್ತಕ್ಕೆ ಬರೋದು ಆಗಲೇ ಹೆಚ್ಚು. ಸೊಳ್ಳೆ ಕಚ್ಚೋ ಹೊತ್ತೂ ಅದೇ ನೋಡಿ!

ಮಕ್ಕಳ ವಿಷಯ: ಕಾಳನನ್ನು ಮುಟ್ಟಿದರೆ, ಅವನು ನೆಕ್ಕಿದರೆ ಏನೂ ಬರೋದಿಲ್ಲ. ಮರಿ ಹುಳ ಸೊಳ್ಳೆಯೊಳಗೆ ಸುಮಾರು ಎರಡು ವಾರ ಬೆಳೆಯಲೇಬೇಕು. ಅಂಥ ಸೊಳ್ಳೆ ಕಚ್ಚಿ ಅಪರೂಪಕ್ಕೆ ಮನುಷ್ಯರಿಗೂ ರೆಪೆನ್ಸ್ ಬಂದಿದೆ. ಕಣ್ಣಿನ ಬಿಳಿ ಭಾಗದ ಮೇಲಿರೋ ತೆಳು ಪೊರೆಯ ಕೆಳಗಿಂದ ವೈದ್ಯರು ಜೀವಂತ ಹುಳ ತೆಗೆದದ್ದು ಕರಾವಳಿಯಿಂದಲೂ ವರದಿಯಾಗಿದೆ. ಸಾಮಾನ್ಯವಾಗಿ ಒಂದೇ ಹುಳ, ತೆಗೆದರೆ ಮುಗಿಯಿತು.

ಅಡಿಕೆ_ಮಾವ
ಸುಮ್ನೆ ಹುಳ ಕೊಲ್ಲೋ ಐವರ್‌ಮೆಕ್ಟಿನ್ ಒಂದು ಚುಚ್ಚಿಸಿಬಿಡಿ ಮಾರಾಯ್ರೆ. ದನಕ್ಕೆ ತಂದ ಬಾಟಲಿ ಎಲ್ಲರ ಮನೆಯಲ್ಲೂ ಇರುತ್ತದೆ.

ಹಳ್ಳಿ_ಪಶುವೈದ್ಯ
ಮಾವ, ಆ ಬಾಟಲಿ ದನದ ಹತ್ತಿರವೇ ಇರಲಿ. ರಕ್ತದಲ್ಲಿ ಮರಿಗಳು ತುಂಬಿರುವಾಗ ಒಮ್ಮೆಗೇ ಸತ್ತರೆ ನಾಯಿ ರಕ್ತದೊತ್ತಡ ಕುಸಿದು ಶಾಕ್‌ಗೆ ಹೋಗಬಹುದು. ಕೋಲಿ ಥರದ ತಳಿಗಳಲ್ಲಿ ಕೆಲವಕ್ಕೆ ಹೆಚ್ಚಿನ ಡೋಸ್ ನೇರ ಮಿದುಳಿಗೇ ಏರುತ್ತದೆ. ತಿಂಗಳಿಗೊಮ್ಮೆ ಹಾರ್ಟ್‌ವರ್ಮ್ ತಡೆಗಾಗಿ ಕೊಡೋದು ಕಿಲೋ ತೂಕಕ್ಕೆ 6 ಮೈಕ್ರೋಗ್ರಾಂ ಮಾತ್ರ. ದನದ ಬಾಟಲಿಯಿಂದ ಅಷ್ಟು ಸಣ್ಣ ಅಳತೆ ಹೇಗೆ ತೆಗೀತೀರಿ?

ಬಸವನಗುಡಿ_ಅಕ್ಕ
ನಮ್ಮ ಲ್ಯಾಬ್ರಡಾರ್‌ಗೆ ಒಂದು ತಿಂಗಳು ಡಾಕ್ಸಿಸೈಕ್ಲಿನ್ ಬರೆದಿದ್ದರು. ಹುಳಕ್ಕೆ ಆಂಟಿಬಯೋಟಿಕ್ ಯಾಕೆ ಅಂತ ನನಗೆ ಆಗ ತಲೆಗೇ ಹೋಗಲಿಲ್ಲ. ಆ ಹುಳದ ಮೈಯೊಳಗೆ ವೋಲ್ಬಾಕಿಯಾ ಅನ್ನೋ ಬ್ಯಾಕ್ಟೀರಿಯಾ ಇದೆಯಂತೆ, ಅದು ಸತ್ತರೆ ಹುಳ ಸೊರಗಿ ಮರಿ ಹಾಕೋದು ನಿಲ್ಲಿಸುತ್ತದಂತೆ. ಊಟದ ಜೊತೆಗೇ ಕೊಡಿ, ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ ಗ್ಯಾರಂಟಿ.

ಕಾಳನ_ಯಜಮಾನ
ಎಲ್ಲರಿಗೂ ಥ್ಯಾಂಕ್ಸ್. ಕಿಟ್ ನೆಗೆಟಿವ್ ಬಂತು. ಲ್ಯಾಬ್‌ನವರು ಮೊಂಡು ತಲೆ, ರೆಪೆನ್ಸ್ ಅಂದರು. ನಮ್ಮ ಡಾಕ್ಟ್ರು ಡಾಕ್ಸಿ ಶುರು ಮಾಡಿ, ಆಮೇಲೆ ಹುಳ ಕೊಲ್ಲೋಕೆ ಬೆನ್ನ ಮೇಲೆ ಬಿಡೋ ಮಾಕ್ಸಿಡೆಕ್ಟಿನ್ ಹನಿ ಬರೆಯುತ್ತೇನೆ ಅಂದಿದ್ದಾರೆ. ಸೊಳ್ಳೆಗೆ ಏನು ಮಾಡಲಿ?

ಅಡಿಕೆ_ಮಾವ
ಬಿದ್ದ ಅಡಿಕೆ ಹಾಳೆ ಹೆಕ್ಕಿಸಿ, ಒಂದೊಂದರಲ್ಲೂ ನೀರು ನಿಂತಿರುತ್ತದೆ. ರಬ್ಬರ್ ಇದ್ದರೆ ಹಾಲು ಹಿಡಿಯೋ ಚಿಪ್ಪುಗಳನ್ನು ಕವುಚಿ ಹಾಕಿ. ಕಾಳನನ್ನು ರಾತ್ರಿ ಕೊಟ್ಟಿಗೆಯಿಂದ ಬಿಡಿಸಿ ಜಗಲಿಗೆ ತನ್ನಿ, ಒಂದು ಹಳೇ ಸೊಳ್ಳೆಪರದೆ ಕಟ್ಟಿ. ಬಾಟಲಿ ವಿಷಯ ಡಾಕ್ಟ್ರು ಹೇಳಿದ್ದೇ ಸರಿ.