ಶನಿವಾರದ ಸಂಗೀತ ಪಾಠ ಮತ್ತು ಫುಟ್‌ಬಾಲ್ ಮೈದಾನದ ಆದಿತಾಳ

ಹೋದ ವಾರ ಅಮೆರಿಕದಲ್ಲಿರುವ ನಮ್ಮ ಕನ್ನಡಿಗರ ಗುಂಪಿನಲ್ಲಿ ತಾಯಿಯೊಬ್ಬರು ಕೇಳಿದ್ದ ಪ್ರಶ್ನೆಗೆ ನಾಲ್ಕು ಸಾಲು ಬರೆಯೋಣ ಎಂದು ಕುಳಿತೆ, ಇಷ್ಟುದ್ದವಾಯಿತು. ಪುರುಸೊತ್ತು ಇದ್ದವರು ಓದಿ.

ಅವರ ಮಗ ಒಂಬತ್ತನೆಯ ತರಗತಿಯಲ್ಲಿದ್ದಾನೆ. ಫುಟ್‌ಬಾಲ್ ಮೈದಾನದಲ್ಲಿ ನಡೆಯುತ್ತಲೇ ವಾದ್ಯ ನುಡಿಸುವ ಶಾಲೆಯ ಮಾರ್ಚಿಂಗ್ ಬ್ಯಾಂಡ್ ಸೇರಿದ ಮೇಲೆ ಶನಿವಾರ ಬೆಳಗಿನ ಕರ್ನಾಟಕ ಸಂಗೀತದ ಪಾಠಕ್ಕೆ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದಾನೆ. ‘ಏಳು ವರ್ಷ ಕಲಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತೇ?’ ಎಂಬುದು ಅವರ ಸಂಕಟ. ಅದಕ್ಕೆ ಬಂದ ಉತ್ತರಗಳು ಎರಡು ಬಣವಾದವು. ಸಂಸ್ಕೃತಿ ಮುಖ್ಯ, ಬ್ಯಾಂಡ್ ಬಿಡಿಸಿ ಎಂದವರು ಕೆಲವರು. ಕಾಲೇಜು ಅರ್ಜಿಯಲ್ಲಿ ಬ್ಯಾಂಡ್ ಇದ್ದರೆ ತೂಕ ಹೆಚ್ಚು, ಪಾಠ ಬಿಡಿಸಿ ಎಂದವರು ಉಳಿದವರು. ನಿಜ ಹೇಳುತ್ತೇನೆ, ಎರಡನೆಯ ಮಾತೇ ನನಗೆ ಹೆಚ್ಚು ಚುಚ್ಚಿತು. ಅರ್ಜಿಗೋಸ್ಕರ ಊದುವ ವಾದ್ಯಕ್ಕೆ ಉಸಿರು ಎಲ್ಲಿಂದ ಬರಬೇಕು?

ನಮ್ಮ ಮನೆಯಲ್ಲೂ ಇದೇ ರಾಮಾಯಣ ನಡೆದಿದೆ. ನಾವಿರುವುದು ಒಹಾಯೊ ರಾಜ್ಯದ ಕೊಲಂಬಸ್‌ಗೆ ಅಂಟಿಕೊಂಡ ಡಬ್ಲಿನ್‌ನಲ್ಲಿ. ಇಲ್ಲಿ ಆಗಸ್ಟ್ ಕಳೆಯಿತೆಂದರೆ ವಾರಕ್ಕೆ ಬೇರೆಯೇ ಪಂಚಾಂಗ. ಶುಕ್ರವಾರ ರಾತ್ರಿ ಪ್ರೌಢಶಾಲೆಗಳ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ), ಶನಿವಾರ ಕಾಲೇಜುಗಳದು, ಭಾನುವಾರ ವೃತ್ತಿಪರ ತಂಡಗಳದು. ಇದು ಬರಿಯ ರೂಢಿಯಲ್ಲ. ಶಾಲೆ ಕಾಲೇಜುಗಳ ಆಟದ ಹೊತ್ತಿಗೆ ವೃತ್ತಿಪರ ತಂಡಗಳ ಟಿವಿ ಪ್ರಸಾರ ಅಡ್ಡ ಬರದಂತೆ 1961ರ ಕೇಂದ್ರ ಕಾನೂನೊಂದು ಬೇಲಿ ಹಾಕಿದೆ. ಅಂಥ ಶನಿವಾರದ ಎದುರು ನಮ್ಮ ಹತ್ತು ಗಂಟೆಯ ಪಾಠ ಯಾವ ಲೆಕ್ಕ?

ಹದಿನಾಲ್ಕು ವರ್ಷದ ಹಿಂದೆ ಬಂದ ಹೊಸತರಲ್ಲಿ ನನಗೆ ಇದೊಂದೂ ಗೊತ್ತಿರಲಿಲ್ಲ. ಒಂದು ಶನಿವಾರ ಕರಿಬೇವು ತರಲು ಹೊರಟೆ. ರಸ್ತೆಯ ತುಂಬ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ತಂಡದ ಅಭಿಮಾನಿಗಳ ಕೆಂಪು ಅಂಗಿ. ಅಪರಿಚಿತನೊಬ್ಬ ನನ್ನ ಮುಖ ನೋಡಿ ‘ಒ-ಎಚ್!’ ಎಂದು ಕೂಗಿದ. ಯಾರನ್ನೋ ಕರೆಯುತ್ತಿದ್ದಾನೆಂದು ಹಿಂದೆ ತಿರುಗಿ ನೋಡಿದೆ. ‘ಐ-ಒ!’ ಎಂದು ಮರುಕೂಗಿ ಒಹಾಯೊ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಪೂರ್ತಿ ಮಾಡಬೇಕು ಎನ್ನುವುದು ತಿಳಿಯಲು ಒಂದು ತಿಂಗಳು ಬೇಕಾಯಿತು. ಅದೇ ವರ್ಷ ನಮ್ಮ ಸಂಘದವರು ರಾಜ್ಯೋತ್ಸವವನ್ನು ನವೆಂಬರ್ ಕೊನೆಯ ಶನಿವಾರಕ್ಕೆ ಇಟ್ಟರು. ಅಂದು ಒಹಾಯೊ ಸ್ಟೇಟ್‌ನವರಿಗೆ ಬದ್ಧ ಎದುರಾಳಿ ಮಿಷಿಗನ್ ವಿಶ್ವವಿದ್ಯಾಲಯದ ಜೊತೆಗಿನ ಪಂದ್ಯ. ವೇದಿಕೆಯ ಮೇಲೆ ಎಷ್ಟು ಜನರಿದ್ದರೋ ಕೆಳಗೂ ಅಷ್ಟೇ ಜನ, ಅವರೂ ಮುಂದಿನ ನೃತ್ಯಕ್ಕೆ ಗೆಜ್ಜೆ ಕಟ್ಟಿಕೊಂಡವರು. ಈಗ ಸಮಿತಿಯವರು ಮೊದಲು ಪಂದ್ಯದ ವೇಳಾಪಟ್ಟಿ ನೋಡುತ್ತಾರೆ, ರಾಹುಕಾಲ ಆಮೇಲೆ.

ಆ ಪಂದ್ಯದ ವಾರ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಆವರಣದಲ್ಲಿ ಫಲಕಗಳ ಮೇಲಿರುವ, ಮಿಷಿಗನ್ ಹೆಸರಿನ ಮೊದಲ ಅಕ್ಷರವಾದ ‘ಎಂ’ಗಳಿಗೆಲ್ಲ ಕೆಂಪು ಪಟ್ಟಿಯಿಂದ ಕಾಟು ಹಾಕುತ್ತಾರೆ. ಬಡಪಾಯಿ ಅಕ್ಷರ. 2024ರಲ್ಲಿ ಒಹಾಯೊ ಸ್ಟೇಟ್‌ನವರು ಮನೆಯಂಗಳದಲ್ಲೇ ಮಿಷಿಗನ್‌ಗೆ 13–10ರಿಂದ ಸೋತರು. ಮುಂದಿನ ಜನವರಿಯಲ್ಲಿ ರಾಷ್ಟ್ರ ಚಾಂಪಿಯನ್‌ಗಳಾದರು. ಆದರೂ ನಮ್ಮ ಪಕ್ಕದ ಮನೆಯವರು ಆ ವರ್ಷವನ್ನು ನೆನೆಯುವುದು ಆ ಸೋಲಿನಿಂದಲೇ. ದಾಯಾದಿ ಮತ್ಸರ ಎಂದರೇನೆಂದು ಇವರಿಗೆ ಮಹಾಭಾರತದಿಂದ ಕಲಿಸಬೇಕಾಗಿಲ್ಲ.

ಆಟದ ನಿಯಮ ಕೇಳಬೇಡಿ. ನಾಲ್ಕು ಯತ್ನದೊಳಗೆ ಹತ್ತು ಗಜ ಮುಂದಕ್ಕೆ ಹೋಗಬೇಕು, ಉಳಿದದ್ದು ಕಬಡ್ಡಿ ಆಡಿದವರಿಗೆ ತಾನಾಗಿ ಅರ್ಥವಾಗುತ್ತದೆ. ನನ್ನ ಕಣ್ಣು ತೆರೆಸಿದ್ದು ಆಟವಲ್ಲ, ಬ್ಯಾಂಡ್.

ಅಮ್ಮ ಬೆಂಗಳೂರಿನಿಂದ ಆರು ತಿಂಗಳಿಗೆ ಬಂದಿದ್ದರು. ಪಂದ್ಯದ ಟಿಕೆಟ್ ಬೆಲೆ ಕೇಳಿದರೆ ಅವರು ಉಪವಾಸ ಕೂರುತ್ತಾರೆ ಎಂದು, ಆಟಕ್ಕೆ ಮೊದಲು ಸೇಂಟ್ ಜಾನ್ ಅರೀನಾದಲ್ಲಿ ನಡೆಯುವ ಬ್ಯಾಂಡಿನ ತಾಲೀಮಿಗೆ ಕರೆದೊಯ್ದೆ. ಅದಕ್ಕೆ ‘ಸ್ಕಲ್ ಸೆಷನ್’ ಎಂದು ಹೆಸರು. ತಾಲೀಮು ಎನ್ನುವುದು ಹೆಸರಿಗೆ ಮಾತ್ರ, ಸಾವಿರಾರು ಜನ ಬೆಳಿಗ್ಗೆಯೇ ಬಂದು ಜಾಗ ಹಿಡಿದಿರುತ್ತಾರೆ. ಕೊಳಲಿಲ್ಲ, ಕ್ಲಾರಿನೆಟ್ ಇಲ್ಲ, ಬರೀ ಹಿತ್ತಾಳೆ ವಾದ್ಯಗಳು ಮತ್ತು ಡ್ರಮ್‌ಗಳು. ಅವು ಒಟ್ಟಿಗೆ ಎದ್ದಾಗ ಕುಳಿತ ಬೆಂಚು ತೊಡೆಗೆ ನಡುಗುವುದು ಗೊತ್ತಾಗುತ್ತದೆ. ಅಮ್ಮ ಸೆರಗಿನಿಂದ ಒಂದು ಕಿವಿ ಮುಚ್ಚಿಕೊಂಡು ಇನ್ನೊಂದನ್ನು ತೆರೆದಿಟ್ಟು ಕೇಳಿದರು. ಕೊನೆಗೆ, ‘ಇದು ನಮ್ಮ ಮೈಸೂರು ಅರಮನೆ ಬ್ಯಾಂಡಿನಂತೆಯೇ ಇದೆಯಲ್ಲೋ, ಕೀರ್ತನೆ ಒಂದು ಇಲ್ಲ ಅಷ್ಟೇ’ ಎಂದರು.

ಈ ಮಾತು ಹಗುರವಾದದ್ದಲ್ಲ. ಮೈಸೂರು ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡ್ ಬೇರೆ, ಕರ್ನಾಟಕ ಬ್ಯಾಂಡ್ ಬೇರೆ ಇದ್ದವು. ಎರಡನೆಯದರಲ್ಲಿ ಪಾಶ್ಚಾತ್ಯ ವಾದ್ಯಗಳ ಮೇಲೆ ನಮ್ಮ ಕೃತಿಗಳನ್ನೇ ನುಡಿಸುತ್ತಿದ್ದರು. ದಕ್ಷಿಣ ಕನ್ನಡದ ನಾಗಸ್ವರ ವಾದಕರೊಬ್ಬರ ಮಗ ಆ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದಕ್ಕೆ ಮರುಳಾದ. ಗಮಕ, ಅಂದರೆ ಸ್ವರವನ್ನು ಆಡಿಸುವ ಬಳುಕು, ಹುಟ್ಟದ ವಾದ್ಯದಲ್ಲಿ ಗಮಕ ಹುಟ್ಟಿಸಲು ವರ್ಷಗಟ್ಟಲೆ ಹೆಣಗಿದ. ಆತನೇ ಕದ್ರಿ ಗೋಪಾಲನಾಥ್. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರೋಮ್ಸ್ ಸಂಗೀತೋತ್ಸವದಲ್ಲಿ ನುಡಿಸಿ ಬಂದರು. ಯಾರೂ ಆ ಹುಡುಗನನ್ನು ಸ್ಯಾಕ್ಸೊಫೋನ್ ಪಾಠಕ್ಕೆ ಕಾರಿನಲ್ಲಿ ಬಿಟ್ಟುಬಂದಿರಲಿಲ್ಲ. ಅವನು ಎಲ್ಲೋ ನಿಂತು ಕೇಳಿದ್ದ, ಅಷ್ಟೇ.

ನಾನು ಚಾಮರಾಜಪೇಟೆಯವನು. 1939ರಿಂದ ರಾಮನವಮಿ ಸಂಗೀತೋತ್ಸವ ನಡೆಸುತ್ತ ಬಂದಿರುವ ರಾಮಸೇವಾ ಮಂಡಳಿಯ ಚಪ್ಪರ, ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ವರ್ಣದಂಥ ಪಾಠದ ರಚನೆ ಒಂದನ್ನೂ ಕಲಿತವನಲ್ಲ ನಾನು. ಪಾನಕ ಕುಡಿದು, ಮರಳಿನಲ್ಲಿ ಓಡಾಡಿ, ಅಪ್ಪನ ತೊಡೆಯ ಮೇಲೆ ನಿದ್ದೆ ಹೋಗಿ, ಮೃದಂಗದವರು ತಾವೇ ನುಡಿಸುವ ತನಿ ಆವರ್ತನಕ್ಕೆ ಬೆಚ್ಚಿ ಎದ್ದು ಬೆಳೆದೆ. ಇವತ್ತಿಗೂ ಮೃದಂಗದ ಮುಕ್ತಾಯ ಬರುವ ಹೊತ್ತು ಬೆನ್ನು ತಾನೇ ನೆಟ್ಟಗಾಗುತ್ತದೆ. ನಮ್ಮ ಮಕ್ಕಳಿಗೆ ಇದರ ತದ್ವಿರುದ್ಧ. ಪಾಠವಿದೆ, ಪರೀಕ್ಷೆಯಿದೆ, ವರ್ಷಕ್ಕೊಮ್ಮೆ ಬಾಡಿಗೆ ಸಭಾಂಗಣದಲ್ಲಿ ಐದು ನಿಮಿಷದ ಕಾರ್ಯಕ್ರಮವಿದೆ. ಅದು ಮುಗಿದ ಕೂಡಲೇ ಅಪ್ಪ ಅಮ್ಮ ಫೋಟೊ ತೆಗೆದು ಮಗುವನ್ನು ಕಾರು ಹತ್ತಿಸುತ್ತಾರೆ. ಸಂಗೀತ ಕಚೇರಿ ಎಂದರೇನೆಂದು ಅವಕ್ಕೆ ಗೊತ್ತಿಲ್ಲ. ಬಚ್ಚಲಲ್ಲಿ ಈಜು ಕಲಿಸಿ, ಕೆರೆ ತೋರಿಸದೆ, ಮಗುವಿಗೆ ನೀರೆಂದರೆ ಆಸೆಯೇ ಇಲ್ಲ ಎಂದು ದೂರುತ್ತೇವೆ.

ಬ್ಯಾಂಡ್ ಆ ಕೆರೆ ತೋರಿಸಿತು. ಒಹಾಯೊ ಸ್ಟೇಟ್ ಬ್ಯಾಂಡಿನವರು ಮೈದಾನದಲ್ಲಿ ನಡೆಯುತ್ತಲೇ ‘ಒಹಾಯೊ’ ಎಂದು ಕೂಡಕ್ಷರದಲ್ಲಿ ಬರೆಯುತ್ತಾರೆ, 1936ರಿಂದ ನಡೆದು ಬಂದದ್ದು. ಕೊನೆಗೆ ಇಂಗ್ಲಿಷಿನ ‘ಐ’ ಅಕ್ಷರದ ಮೇಲಿನ ಚುಕ್ಕೆ ಬಾಕಿ ಇರುತ್ತದೆ. ಸೂಸಾಫೋನ್ ಹೊತ್ತ ಒಬ್ಬ ವಿದ್ಯಾರ್ಥಿ ಗತ್ತಿನಿಂದ ಹೆಜ್ಜೆ ಹಾಕಿ ಅಲ್ಲಿಗೆ ಹೋಗಿ ಬಾಗಿ ನಮಿಸಿದಾಗ ಲಕ್ಷ ಜನ ಹೋ ಎನ್ನುತ್ತಾರೆ. ಅಂಕ ಗಳಿಸಿದವನಿಗಲ್ಲ, ದೊಡ್ಡ ಹಿತ್ತಾಳೆಯ ಕೊಳವೆ ಹೊತ್ತವನಿಗೆ. ನನ್ನ ಮಗಳು ಅದನ್ನು ನೋಡಿದ್ದು ಎಂಟನೆಯ ವಯಸ್ಸಿನಲ್ಲಿ. ಮನೆಗೆ ಬಂದು ಪೊರಕೆ ಹೊತ್ತು ಬಾಗಿದಳು. ನಾನು ಆಗಲೇ ಅರ್ಥ ಮಾಡಿಕೊಳ್ಳಬೇಕಿತ್ತು.

ಈಗ ಅವಳಿಗೆ ಹದಿನೈದು. ಶಾಲೆಯ ಬ್ಯಾಂಡಿನಲ್ಲಿ ಟ್ರೊಂಬೋನ್ ಎಂಬ ಹಿತ್ತಾಳೆ ವಾದ್ಯ ಊದುತ್ತಾಳೆ. ಆಗಸ್ಟ್ ತಿಂಗಳ ತಾಲೀಮು ನಡೆಯುವುದು ಶಾಲೆಯ ಪಾರ್ಕಿಂಗ್ ಜಾಗದಲ್ಲಿ, ಡಾಂಬರಿನ ಮೇಲೆ ಬಿಳಿ ಗೆರೆ ಎಳೆದು. ಅವಳನ್ನು ಕರೆತರಲು ಹೋದ ನಾನು ಕಾರಿನೊಳಗೆ ಕುಳಿತು ನೋಡುತ್ತಿದ್ದೆ. ಎಡಗೈಯಲ್ಲಿ ವಾದ್ಯ ಹಿಡಿದು ಅಪ್ಪಣೆಗೆ ಕಾಯುತ್ತ ನಿಂತಿದ್ದಳು. ಅವಳ ಬಲಗೈ ತೊಡೆಯ ಮೇಲೆ ಏನೋ ಮಾಡುತ್ತಿತ್ತು. ಒಂದು ತಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು. ಮತ್ತೆ ತಟ್ಟು, ಹೊರಳು. ತಟ್ಟು, ಹೊರಳು.

‘ಅದೇನೇ ಅದು?’ ಎಂದೆ ಕಾರು ಹತ್ತಿದ ಮೇಲೆ.

‘ಆದಿತಾಳ ಅಪ್ಪಾ. ಐದು ಗಜಕ್ಕೆ ಸರಿಯಾಗಿ ಎಂಟು ಹೆಜ್ಜೆ ಇಡಬೇಕು. ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಎಂಟೆಣಿಕೆಯ ಒಂದು ಆವರ್ತ, ಒಂದು ಸುತ್ತು. ಎಲ್ಲರೂ ನೆಲ ನೋಡುತ್ತಾರೆ. ನಾನು ನೋಡುವುದಿಲ್ಲ.’

ಮನೆಗೆ ಬಂದು ಲೆಕ್ಕ ಹಾಕಿದೆ. ಒಂದು ಹೆಜ್ಜೆಗೆ 22.5 ಇಂಚು. 100 ಗಜದ ಮೈದಾನ ದಾಟಲು 20 ಆವರ್ತ. ಏಳು ವರ್ಷ ‘ತಾಳ ಹಾಕು, ತಾಳ ಹಾಕು’ ಎಂದು ಗುರುಗಳು ಹೇಳಿದ್ದು ಇಲ್ಲಿ ಡಾಂಬರಿನ ಮೇಲೆ ನಡೆಯುತ್ತಿತ್ತು. ಪ್ರಶ್ನೆ ಕೇಳಿದ ಆ ತಾಯಿಗೆ ನಾನು ಹೇಳಬೇಕಾದದ್ದು ಇದನ್ನೇ. ಅಕ್ಟೋಬರ್ ಕೊನೆಯ ಒಂದು ರಾತ್ರಿ ಕೊರೆಯುವ ಚಳಿಯಲ್ಲಿ ಪಂದ್ಯ ಮುಗಿಸಿ ಬಂದವಳು, ‘ಇವತ್ತು ಇಡೀ ಬ್ಯಾಂಡಿನ ಶ್ರುತಿ ಇಳಿದಿತ್ತು, ಕೇಳಿಸಿತೇ?’ ಎಂದಳು. ಚಳಿಗೆ ಹಿತ್ತಾಳೆ ವಾದ್ಯಗಳ ಶ್ರುತಿ ಇಳಿಯುವುದು ಸಹಜ. ಅದು ಅವಳ ಕಿವಿಗೆ ಮುಳ್ಳಿನಂತೆ ಚುಚ್ಚಿದ್ದು ತಂಬೂರಿಯ ಮುಂದೆ ಕುಳಿತ ಶನಿವಾರಗಳಿಂದ. ಹುಣಸೆಹಣ್ಣು ಹೊಳೆಗೆ ಹೋಗಿಲ್ಲ ತಾಯೀ.

ಹಾಗೆಂದು ನಮ್ಮ ಮನೆಯಲ್ಲಿ ಎಲ್ಲ ಸುಸೂತ್ರ ಎಂದು ತಿಳಿಯಬೇಡಿ. ಶನಿವಾರದ ಪಾಠ ಬಿಡಿಸಿ ಬುಧವಾರ ರಾತ್ರಿ ಎಂಟೂವರೆಗೆ ಬೆಂಗಳೂರಿನ ಗುರುಗಳ ಬಳಿ ವಿಡಿಯೊ ಪಾಠಕ್ಕೆ ಹಾಕಿದೆವು. ಅವರಿಗೆ ಆಗ ಗುರುವಾರ ಬೆಳಿಗ್ಗೆ ಆರು, ನವೆಂಬರಿನಲ್ಲಿ ಇಲ್ಲಿಯ ಗಡಿಯಾರ ಹಿಂದಕ್ಕೆ ತಿರುಗಿದ ಮೇಲೆ ಏಳು. ‘ನಿಮ್ಮ ಊರಿನ ಗಡಿಯಾರವೇ ವರ್ಷಕ್ಕೆ ಎರಡು ಸಲ ತಾಳ ತಪ್ಪುತ್ತದೆ, ಹುಡುಗಿಯನ್ನು ಏನು ಬೈಯಲಿ’ ಎನ್ನುತ್ತಾರೆ ಅವರು. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಸಾಧನೆ ಎನ್ನುವುದು ನಾಮಕಾವಸ್ತೆ. ಹೆಂಡತಿಗೆ ಈ ಏರ್ಪಾಟು ಇವತ್ತಿಗೂ ಒಪ್ಪಿಗೆಯಿಲ್ಲ. ಜೊತೆಯ ಹುಡುಗಿಯರು ಎಷ್ಟು ವರ್ಣ ಮುಗಿಸಿದ್ದಾರೆ ಎಂಬ ಲೆಕ್ಕ ಅವಳ ಬಾಯಲ್ಲಿದೆ. ಆ ಲೆಕ್ಕವೂ ಸುಳ್ಳಲ್ಲ.

ಒಂದು ಬುಧವಾರ ಮಗಳು ಗುರುಗಳಿಗೆ ಟ್ರೊಂಬೋನಿನಲ್ಲಿ ಮಲಹರಿ ರಾಗ ನುಡಿಸಿ ತೋರಿಸಿದಳು. ಆ ವಾದ್ಯದಲ್ಲಿ ಜಾರುವ ಕೊಳವೆಗೆ ಏಳು ನೆಲೆಗಳಿವೆ, ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದು. ಜಾರು ಎಂಬ ಗಮಕಕ್ಕೆಂದೇ ಮಾಡಿಸಿದಂತಿದೆ. ಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೈಯುತ್ತಾರೆಂದುಕೊಂಡೆ. ‘ಇನ್ನೊಮ್ಮೆ ನುಡಿಸಮ್ಮ, ರಿಷಭ ಇನ್ನಷ್ಟು ಕೆಳಗಿರಬೇಕು’ ಎಂದರು.

ಪಾಠ ಎಷ್ಟು ಎಂದು ಜಗಳವಾಡುವ ಬದಲು, ಮಕ್ಕಳಿಗೆ ಎದುರು ಕುಳಿತು ಕೇಳುವ ಸಂಗೀತ ಎಷ್ಟು ಸಿಗುತ್ತಿದೆ ಎಂದು ನೋಡಿ ಎನ್ನುವುದಷ್ಟೇ ನನ್ನ ವಾದ. ನಮ್ಮ ಪುಣ್ಯಕ್ಕೆ ಕ್ಲೀವ್‌ಲ್ಯಾಂಡ್ ಎರಡು ಗಂಟೆ ಚಿಲ್ಲರೆ ದೂರ. 1978ರಿಂದ ಅಲ್ಲಿ ತ್ಯಾಗರಾಜರ ಆರಾಧನೆ ನಡೆಯುತ್ತಿದೆ. ಅವರ ಸಮಾಧಿಯಿರುವ ತಿರುವೈಯಾರಿನಲ್ಲಿ ಪುಷ್ಯ ಬಹುಳ ಪಂಚಮಿಗೆ, ಇಲ್ಲಿ ಈಸ್ಟರ್ ಆಸುಪಾಸಿಗೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಯಾವುದೋ ಒಂದು ಬಾಗಿಲು ತೆರೆದರೆ ಯಾರೋ ಹಾಡುತ್ತಿರುತ್ತಾರೆ, ಮೊಗಸಾಲೆಯಲ್ಲಿ ಮಕ್ಕಳು ಓಡುತ್ತಿರುತ್ತಾರೆ. ನನಗೆ ಚಾಮರಾಜಪೇಟೆಯ ಚಪ್ಪರ ನೆನಪಾಗುವ ಅಮೆರಿಕದ ಒಂದೇ ಜಾಗ ಅದು.

ಅಮ್ಮ ಇದ್ದ ವರ್ಷ ನಾವೆಲ್ಲ ಅಲ್ಲಿ ತ್ಯಾಗರಾಜರ ಐದು ಪಂಚರತ್ನ ಕೃತಿಗಳನ್ನು ಎಲ್ಲರೂ ಸೇರಿ ಹಾಡುವ ಗೋಷ್ಠಿಗಾಯನಕ್ಕೆ ಹೋದೆವು. ದಾರಿಯಲ್ಲಿ ಮಗಳು ಸಿಟ್ಟಾಗಿದ್ದಳು. ಒಹಾಯೊ ಸ್ಟೇಟ್ ಬ್ಯಾಂಡಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದೇ 1973ರಲ್ಲಿ ಎಂದು ಅವಳು ಎಲ್ಲೋ ಓದಿದ್ದಳು. ಅಮ್ಮ ಹಿಂದಿನ ಸೀಟಿನಿಂದ, ‘ಅದೇನು ಮಹಾ, ತ್ಯಾಗರಾಜರ ಸನ್ನಿಧಿಯಲ್ಲೂ ಹೆಂಗಸರು ಹಾಡುವಂತಿರಲಿಲ್ಲ’ ಎಂದು ಗಾಯಕಿ ಬೆಂಗಳೂರು ನಾಗರತ್ನಮ್ಮನ ಕಥೆ ತೆಗೆದರು. ನಂಜನಗೂಡಿನಲ್ಲಿ ಹುಟ್ಟಿದ ಹೆಣ್ಣುಮಗಳು ತನ್ನ ಗಳಿಕೆಯನ್ನೆಲ್ಲ ಸುರಿದು ಸಮಾಧಿಗೆ ಗುಡಿ ಕಟ್ಟಿಸಿದ್ದು, ಹೆಂಗಸರೂ ಅಲ್ಲಿ ಹಾಡಬೇಕೆಂದು ಹೋರಾಡಿ ಗೆದ್ದದ್ದು. ಕ್ಲೀವ್‌ಲ್ಯಾಂಡ್ ಬರುವವರೆಗೂ ಯಾರೂ ಫೋನ್ ಮುಟ್ಟಲಿಲ್ಲ.

ಗೋಷ್ಠಿಯಲ್ಲಿ ಮಗಳು ಮೂರನೆಯ ಸಾಲಿನಲ್ಲಿ ಕುಳಿತಳು. ಮೊದಲನೆಯದಾದ ನಾಟ ರಾಗದ ಕೃತಿ ಗೊತ್ತಿತ್ತು, ಗಟ್ಟಿಯಾಗಿ ಹಾಡಿದಳು. ಗೌಳ, ಆರಭಿಗೆ ಬಾಯಿ ಆಡಿಸಿದಳು. ನಾಲ್ಕನೆಯದು, ವರಾಳಿ ರಾಗದ್ದು ಬಂದಾಗ ಪೂರ್ತಿ ಸುಮ್ಮನಾದಳು, ಕೈ ಮಾತ್ರ ತೊಡೆಯ ಮೇಲೆ ನಡೆಯುತ್ತಿತ್ತು. ಐದೂ ಕೃತಿಗಳು ಆದಿತಾಳವೇ ತಾನೆ. ಹೊರಗೆ ಬಂದು, ‘ಆ ನಾಲ್ಕನೆಯದನ್ನು ಗುರುಗಳು ಕಲಿಸಲೇ ಇಲ್ಲ’ ಎಂದು ದೂರಿದಳು. ವರಾಳಿಯನ್ನು ಗುರು ಎದುರು ಕೂರಿಸಿಕೊಂಡು ಹೇಳಿಕೊಡಬಾರದು, ಶಿಷ್ಯ ಕೇಳಿಯೇ ಕಲಿಯಬೇಕು ಎಂದು ಹಿಂದಿನಿಂದ ಬಂದ ನಂಬಿಕೆಯಿದೆ ಎಂದು ಅಮ್ಮ ಹೇಳಿದರು. ‘ಹಾಗಾದರೆ ಮುಂದಿನ ವರ್ಷವೂ ಬರಬೇಕು’ ಎಂದಳು ಮಗಳು. ನಾನು ಏನೂ ಹೇಳದೆ ಕಾರಿನ ಬೀಗದ ಕೈ ಹುಡುಕುತ್ತ ನಿಂತೆ.

ಈ ಸಲ ಈಸ್ಟರ್ ಹೊತ್ತಿಗೆ ಡಬ್ಲಿನ್‌ನಿಂದ ಹೊರಡುತ್ತೇವೆ, ಕಾರಿನಲ್ಲಿ ಎರಡು ಸೀಟು ಖಾಲಿಯಿವೆ. ಪ್ರಶ್ನೆ ಕೇಳಿದ ತಾಯಿಯೂ ಅವರ ಮಗನೂ ಬರುವುದಾದರೆ ಮೊದಲ ಹಕ್ಕು ಅವರದು. ಅವನ ವಾದ್ಯ ಸೂಸಾಫೋನ್ ಆಗಿದ್ದರೆ ಮುಂಚೆಯೇ ತಿಳಿಸಿ, ಅದನ್ನು ಮನೆಯಲ್ಲೇ ಬಿಡಬೇಕಾಗುತ್ತದೆ. ಪುಳಿಯೋಗರೆ ನಮ್ಮದು. ಫುಟ್‌ಬಾಲ್ ಕ್ರೀಡಾಂಗಣದ ಬಾಗಿಲಲ್ಲಿ ನನ್ನ ಡಬ್ಬಿಯನ್ನು ಒಮ್ಮೆ ಕಾರಿಗೆ ವಾಪಸು ಕಳಿಸಿದ್ದರು, ಕ್ಲೀವ್‌ಲ್ಯಾಂಡಿನಲ್ಲಿ ಪಕ್ಕದಲ್ಲಿ ಕುಳಿತವರೇ ಮುಚ್ಚಳ ತೆಗೆಯಲು ಹೇಳುತ್ತಾರೆ.