ಉಲ್ಲನ್ ಹಲ್ಲಿ ಹೆಣೆಯೋದು ಹೇಗೆ? ಮಾಡಿದವರು ಹೇಳಿ

ಹಾಸನದಿಂದ, ಕೇಳಿದವರು:
ಅಕ್ಕನ ಮಗನಿಗೆ ಐದು ತುಂಬುತ್ತೆ. ಹಲ್ಲಿ ಕಂಡರೆ ಮನೆಮಂದಿಯೆಲ್ಲ ಆ ಕಡೆ ಓಡಿದರೆ ಇವನು ಹಲ್ಲಿ ಹಿಂದೆ ಓಡ್ತಾನೆ. ಅದಕ್ಕೇ ಕ್ರೋಶದಲ್ಲಿ (ಕೊಕ್ಕೆ ಕಡ್ಡಿಯ ಹೆಣಿಗೆ) ಒಂದು ಹಲ್ಲಿ ಹೆಣೆದು ಕೊಡೋಣ ಅಂತ. ನನಗೆ ಬರೋದು ಚೈನ್ ಮತ್ತು ಸಿಂಗಲ್ ಕ್ರೋಶ ಅನ್ನೋ ಎರಡು ಮೂಲ ಹೊಲಿಗೆ, ಅಷ್ಟೇ. ಕಡುಹಸಿರು ಉಲ್ಲನ್ ತಂದಿದ್ದೀನಿ. ಸುತ್ತು ಎಲ್ಲಿ ಮುಗೀತೋ ಗೊತ್ತಾಗಲ್ಲ, ಹೆಣಿಗೆ ಮಧ್ಯೆ ತೂತು ಕಾಣ್ತಿದೆ. ದಾರಿ ಹೇಳಿ.

ಮೈಸೂರಿನಿಂದ:
ಆ ಕಡುಹಸಿರನ್ನು ಸದ್ಯಕ್ಕೆ ಎತ್ತಿಡಿ. ಕಡು ಬಣ್ಣದಲ್ಲಿ ಹೊಲಿಗೆಯ ಕಣ್ಣು ಹಗಲಲ್ಲೇ ಕಾಣಲ್ಲ, ರಾತ್ರಿ ದೀಪದಲ್ಲಂತೂ ಕೇಳಲೇಬೇಡಿ. ಮಾವಿನಕಾಯಿ ಹಸಿರು ಅಥವಾ ಕೆನೆಬಣ್ಣ ತನ್ನಿ. ಮನೆಹಲ್ಲಿಯ ಬಣ್ಣವೂ ಕೆನೆಗೆ ಹತ್ತಿರ ತಾನೇ!

ತೂತಿಗೆ ಕಾರಣ ಕಡ್ಡಿಯ ದಪ್ಪ. ಉಂಡೆಯ ಚೀಟಿಯಲ್ಲಿ ಬರೆದಿರೋ ಅಳತೆ ಸ್ವೆಟರಿಗೆ, ಶಾಲಿಗೆ. ಗೊಂಬೆಗೆ ಹೆಣಿಗೆ ಬಿಗಿ ಇರಬೇಕು. ಚೀಟಿಯಲ್ಲಿ 4 ಮಿ.ಮೀ. ಅಂತಿದ್ದರೆ ನೀವು 3 ತಗೊಳ್ಳಿ. ಸುತ್ತಿನ ಲೆಕ್ಕಕ್ಕೆ ಪ್ರತಿ ಸುತ್ತಿನ ಮೊದಲ ಹೊಲಿಗೆಗೆ ಒಂದು ಸೇಫ್ಟಿ ಪಿನ್ ಹಾಕಿ, ಸುತ್ತು ಬಂದಾಗ ಮೇಲಕ್ಕೆ ಸಾಗಿಸಿ. ಪಿನ್ ಇಲ್ಲದೆ ಎಣಿಸ್ತೀನಿ ಅಂತ ಹೊರಟವರು ಯಾರೂ ದಡ ಸೇರಿಲ್ಲ.

ಹಲ್ಲಿ ಅಂದರೆ ಒಂದೇ ಉದ್ದ ಕೊಳವೆ, ನಡುವೆ ಕುತ್ತಿಗೆ ಒಂದು ಹಿಸುಕು. ಮೂಗಿನಿಂದ ಶುರು ಮಾಡಿ. ಬಾಲದ ತುದಿಯಿಂದ ಶುರು ಮಾಡಿದರೆ ಆ ಸಣ್ಣ ಸುತ್ತಲ್ಲೇ ಬೆರಳು ಸೋತುಹೋಗುತ್ತೆ. ಮೊದಲ ಸುತ್ತು 6 ಹೊಲಿಗೆ, ಆಮೇಲೆ 12, ಆಮೇಲೆ 18. ನಾಲ್ಕು ಸುತ್ತು 18ರಲ್ಲೇ ಹೋದರೆ ತಲೆ. ಒಂದು ಬಿಟ್ಟು ಎರಡೆರಡು ಕೂಡಿಸಿದರೆ 12 ಆಗುತ್ತೆ, ಅದು ಕುತ್ತಿಗೆ. ಮತ್ತೆ 18ಕ್ಕೆ ಹಿಗ್ಗಿಸಿ, ಹತ್ತು ಹನ್ನೆರಡು ಸುತ್ತು ಹೊಟ್ಟೆ. ಆಮೇಲೆ ಮತ್ತೆ 12, ಅಲ್ಲಿಂದ ಎರಡು ಮೂರು ಸುತ್ತಿಗೊಂದು ಹೊಲಿಗೆ ಇಳಿಸ್ತಾ ಹೋದರೆ ಬಾಲ ತಾನಾಗೇ ಚೂಪಾಗುತ್ತೆ. ಕೂಡಿಸುವಾಗ ಎರಡು ಹೊಲಿಗೆಯ ಮುಂದಿನ ಎಳೆಗಳನ್ನಷ್ಟೇ ಎತ್ತಿ, ಗಂಟು ಕಾಣಲ್ಲ.

ಧಾರವಾಡದಿಂದ:
ಸುತ್ತು ಶುರು ಮಾಡ್ಲಿಕ್ಕೆ ದಾರದ ಕುಣಿಕಿ ಜಗ್ಗೋ ಮ್ಯಾಜಿಕ್ ರಿಂಗ್ ಕಲೀಲಿಕ್ಕೆ ಹೋಗಿ ತಲಿ ಕೆಡಿಸ್ಕೋಬ್ಯಾಡ್ರಿ. ಎರಡು ಚೈನ್ ಹಾಕಿ, ಕಡ್ಡಿಯಿಂದ ಎರಡನೇ ಚೈನ್‌ನ್ಯಾಗ ಆರು ಸಿಂಗಲ್ ಕ್ರೋಶ ಹಾಕ್ರಿ, ಸಾಕು. ನಡುವ ಸಣ್ಣ ತೂತು ಉಳದ್ರ ದಾರದ ತುದಿ ಸೂಜಿಗೆ ಪೋಣಿಸಿ ಒಳಗಿಂದ ಹೊಲದು ಜಗ್ರಿ, ಮುಚ್ಚತೈತಿ.

ಶಿರಸಿಯಿಂದ:
ಅಮ್ಮನ ಕಾಲದ ಪುಸ್ತಕ ನೋಡಿ ಹೆಣೆಯೋರಿಗೆ ಒಂದು ಮಾತು. ಬ್ರಿಟಿಷ್ ಪುಸ್ತಕದ ಡಬಲ್ ಕ್ರೋಶ ಅಂದರೆ ಅಮೆರಿಕದ ವಿಡಿಯೋಗಳ ಸಿಂಗಲ್ ಕ್ರೋಶ. ಎರಡನ್ನೂ ಬೆರೆಸಿದರೆ ಹಲ್ಲಿ ಹೋಗಿ ಉಡ ಆಗುತ್ತದೆ.

ತುಂಬೋದಕ್ಕೆ ದಿಂಬಿನ ಪಾಲಿಯೆಸ್ಟರ್ ಫೈಬರ್ ಒಳ್ಳೆಯದು. ಹತ್ತಿ ತೊಳೆದ ಮೇಲೆ ಗಂಟು ಕಟ್ಟುತ್ತದೆ. ಹೊಟ್ಟೆ ಅರ್ಧ ಆದಾಗಲೇ ತುಂಬುತ್ತಾ ಬನ್ನಿ, ಕೊನೆಗೆ ತುಂಬೋಣ ಎಂದರೆ ಕೈ ಹೋಗುವುದಿಲ್ಲ. ಪೆನ್ಸಿಲ್ ಹಿಂಬದಿಯಿಂದ ತಳ್ಳಿ.

ಮಂಗಳೂರಿನಿಂದ:
ದೇಹ ಸುಲಭ, ಕಾಲೇ ಕಷ್ಟ. ಆರು ಹೊಲಿಗೆಯ ಸಣ್ಣ ಕೊಳವೆ ನಾಲ್ಕು ಮಾಡಿ, ಐದಾರು ಸುತ್ತು ಸಾಕು. ಏನೂ ತುಂಬಬೇಡಿ, ಚಪ್ಪಟೆ ಇದ್ದರೇ ಚಂದ. ತುದಿಯಲ್ಲಿ ಮೂರು ಚೈನ್ ಹಾಕಿ ಅದರ ಮೇಲೇ, ದಾರವನ್ನು ಎರಡೂ ಕುಣಿಕೆಯಿಂದ ಒಮ್ಮೆಲೇ ಎಳೆಯುವ ಸ್ಲಿಪ್ ಸ್ಟಿಚ್‌ನಲ್ಲಿ ಹಿಂದೆ ಬಂದರೆ ಒಂದು ಬೆರಳು. ನಿಜದ ಹಲ್ಲಿಗೆ ಕಾಲಿಗೆ ಐದೈದು ಬೆರಳು, ಉಲ್ಲನ್ ಹಲ್ಲಿಗೆ ಮೂರು ಧಾರಾಳ. ಹೊಲಿಯುವ ಮೊದಲು ನಾಲ್ಕೂ ಕಾಲನ್ನು ಗುಂಡುಪಿನ್ನಿನಲ್ಲಿ ಚುಚ್ಚಿಟ್ಟು ಮೇಜಿನ ಮೇಲೆ ಇಟ್ಟು ನೋಡಿ. ಹೊಲಿದ ಮೇಲೆ ಎಲ್ಲ ಪಿನ್ ಎಣಿಸಿ ತೆಗೆಯಿರಿ, ಇದು ಮಗುವಿನ ಆಟಿಕೆ.

ಹಾಸನದಿಂದ:
ತುಂಬಾ ಥ್ಯಾಂಕ್ಸ್. ಕಣ್ಣಿಗೆ ಏನು ಹಾಕಲಿ?

ಬೆಂಗಳೂರಿನಿಂದ:
6 ಮಿ.ಮೀ. ಸೇಫ್ಟಿ ಐ, ಅಂದರೆ ಗೊಂಬೆಯ ಪ್ಲಾಸ್ಟಿಕ್ ಕಣ್ಣು, ಸಿಗುತ್ತವೆ, ಒಳಗಿನಿಂದ ವಾಷರ್ ಒತ್ತಿದರೆ ಮುಗೀತು. ತಲೆ ತುಂಬೋ ಮೊದಲೇ ಹಾಕಬೇಕು.

ಮೈಸೂರಿನಿಂದ:
ನಾನು ಇದನ್ನು ಒಪ್ಪಲ್ಲ. ಹೊಸಬರ ಹೆಣಿಗೆ ಸಡಿಲ ಇರುತ್ತೆ, ಮಗು ಜಗ್ಗಿದರೆ ವಾಷರ್ ಸಮೇತ ಹೊರಗೆ ಬರುತ್ತೆ. ಕಪ್ಪು ದಾರದಲ್ಲಿ ಕಸೂತಿ ಹಾಕಿ. ಅದರಲ್ಲೊಂದು ಬಿಳಿ ಚುಕ್ಕೆ ಇಟ್ಟರೆ ಹಲ್ಲಿ ಪಿಳಿಪಿಳಿ ನೋಡುತ್ತೆ.

ಧಾರವಾಡದಿಂದ:
ಒಂದು ಮಜಾ ಹೇಳ್ತೀನಿ. ಬಾಲ ಬ್ಯಾರೆ ಹೆಣದು, ಟಿಚ್ ಬಟನ್ ಹಚ್ಚಿ ಮೈಗೆ ಕೂಡಿಸ್ರಿ. ಹುಡುಗ ಹಿಡದು ಜಗ್ಗಿದ್ರ ಬಾಲ ಕೈಯಾಗ ಬರತೈತಿ, ಖರೇ ಹಲ್ಲಿಗತೆ! ಬಟನ್ ದಪ್ಪ ದಾರದ್ಲೆ ಎಲ್ಲಾ ತೂತಿನ್ಯಾಗೂ ಎರಡೆರಡು ಸಲ ಹೊಲೀರಿ. ಮನ್ಯಾಗ ಬಾಯಿಗೆ ಹಾಕ್ಕೊಳ್ಳೋ ಸಣ್ಣ ಕೂಸು ಇದ್ರ ಮಾತ್ರ ಈ ಉಸಾಬರಿ ಬ್ಯಾಡ, ಬಾಲ ಮೈಗೇ ಹೆಣದು ಬಿಡ್ರಿ.